ಹೊಗೆ ಕುಡಿಯುವ ಊರಿನಲ್ಲಿ

ಬಿಯರಿಗೂ ಹೊಗೆಗೂ ಏನು ಸಂಬಂಧ ಎಂದು ಕೇಳುವವರನ್ನು ಸುಮ್ಮನೆ ಬಾಂಬರ್ಗ್‌ಗೆ ಕಳಿಸಿಬಿಡಬೇಕು. ದಕ್ಷಿಣ ಜರ್ಮನಿಯ ನ್ಯೂರೆಂಬರ್ಗ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಇಳಿದು ನದಿ ದಾಟಿ, ಕೆಥೆಡ್ರಲ್ಲಿನ ನಾಲ್ಕು ಗೋಪುರಗಳನ್ನು ಗುರುತಿಟ್ಟುಕೊಂಡು ಹಳೇ ಪೇಟೆಯ ಕಲ್ಲುಹಾಸಿನ ಓಣಿಗಳಲ್ಲಿ ನಡೆದರೆ ಶ್ಲೆಂಕರ್ಲಾ ಸಿಗುತ್ತದೆ. ದಾಖಲೆಗಳಲ್ಲಿ ಈ ಮನೆ ಮೊದಲು ಕಾಣುವುದು 1405ರಲ್ಲಿ. ಕಪ್ಪುಗಟ್ಟಿದ ತೊಲೆಗಳ ಕೆಳಗೆ ಉದ್ದುದ್ದ ಮೇಜುಗಳು. ಕಟ್ಟೆಯ ಮೇಲೆ ಮರದ ಪೀಪಾಯಿ. ಪಂಪಿಲ್ಲ, ಗ್ಯಾಸಿಲ್ಲ. ಪೀಪಾಯಿಗೆ ನಲ್ಲಿ ಬಡಿದು ಕೂರಿಸಿದರೆ ಬಿಯರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ.

ಗ್ಲಾಸು ಮುಂದೆ ಬಂತು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಮಾಣಿಕ್ಯದ ಕೆಂಪು, ಉಳಿದದ್ದೆಲ್ಲ ಕಡುಗಂದು. ಮೇಲೆ ಕೆನೆಬಣ್ಣದ ನೊರೆ. ಮೂಗಿನ ಹತ್ತಿರ ತಂದೆ ನೋಡಿ, ಅಷ್ಟೇ! ಮಲೆನಾಡಿನ ಮನೆಯ ಬಚ್ಚಲಲ್ಲಿ ಹಂಡೆ ಕಾಯಿಸುವಾಗ ಒದ್ದೆ ಸೌದೆ ಬುಸುಗುಟ್ಟಿ ಬರುತ್ತದಲ್ಲ, ಆ ಹೊಗೆ. ಅದೇ, ಸಾಕ್ಷಾತ್ ಅದೇ, ಜರ್ಮನಿಯ ಗ್ಲಾಸಿನಲ್ಲಿ!

ಪಕ್ಕದಲ್ಲಿದ್ದವನು ತೀರ್ಥಹಳ್ಳಿ ಕಡೆಯ ಗೆಳೆಯ, ಎರ್ಲಾಂಗೆನ್‌ನಲ್ಲಿ ಎಂಜಿನಿಯರ್. ನನ್ನ ಮುಖ ನೋಡಿ ನಕ್ಕ. "ಈಗಲೇ ಮಾರ್ಕು ಹಾಕಬೇಡ ಮಾರಾಯ. ಇಲ್ಲಿಯವರು ಮೂರನೇ ಗ್ಲಾಸಿನ ತನಕ ಯಾರ ಅಭಿಪ್ರಾಯವನ್ನೂ ಕೇಳಲ್ಲ."

ನಾನು ಹಾಕಿಯಾಗಿತ್ತು. ಅಮೆರಿಕದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂನವರು ತೀರ್ಪುಗಾರರಿಗೆಂದು ಮಾಡಿದ ಒಂದು ಹಾಳೆಯಿದೆ. ಒಟ್ಟು 50 ಅಂಕ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ರೀತಿಗೆ 5, ಒಟ್ಟಾರೆ ಅನಿಸಿಕೆಗೆ 10. ಆ ಹಾಳೆಗಳ ಕಟ್ಟು ಹಿಡಿದುಕೊಂಡೇ ಬಂದಿದ್ದೆ. ಮೊದಲ ಗುಟುಕಿಗೆ 31 ಬರೆದೆ. ಎರಡನೇ ಗ್ಲಾಸಿಗೆ ಹೊಗೆ ಒಂದು ಹೆಜ್ಜೆ ಹಿಂದೆ ಸರಿಯಿತು, ಅದರ ಹಿಂದೆ ಅಡಗಿದ್ದ ಸುಟ್ಟ ಬ್ರೆಡ್ಡಿನ ಅಂಚು, ಕೊನೆಗೊಂದು ಒಣ ಕಹಿ, ಒಂದೊಂದೇ ಮುಂದೆ ಬಂದು ನಿಂತವು. ಮೂರನೆಯದಕ್ಕೆ ಹೊಗೆಯೇ ಇಲ್ಲವೇನೋ ಅನ್ನಿಸುವಷ್ಟು! ಇದು ನಶೆಯಲ್ಲ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಹೊಗೆಯ ಗ್ವಾಯಕಾಲ್, ಸಿರಿಂಗಾಲ್ ಎಂಬ ಅಣುಗಳಿಗೆ ಮೂಗು ಒಗ್ಗಿದ ಮೇಲೆ ಕೆಳಗಿನ ಬಿಯರು ಬಾಯಿಗೆ ತೆರೆದುಕೊಳ್ಳುತ್ತದೆ. ಅದೇ ಹಾಳೆಯ ಮೇಲೆ 31 ಹೊಡೆದು 43 ಬರೆದೆ. ಗ್ಲಾಸಿನಲ್ಲಿದ್ದ ಬಿಯರು ಮಾತ್ರ ಅದೇ, ಶೇಕಡಾ 5.1 ಆಲ್ಕೋಹಾಲಿನ ಮೆರ್ಜನ್.

ಈ ಹೊಗೆ ಬರುವುದಾದರೂ ಎಲ್ಲಿಂದ? ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಆ ಮೊಳಕೆ ಮುಂದುವರಿಯದಂತೆ ಬಿಸಿಯಲ್ಲಿ ಒಣಗಿಸಿದರೆ ಮಾಲ್ಟ್. ಒಣಗಿಸುವುದಕ್ಕೆ ಬಿಸಿಲು ಬೇಕು, ಇಲ್ಲವೇ ಬೆಂಕಿ ಬೇಕು. ಯುರೋಪಿನ ಚಳಿ ಸೀಮೆಯಲ್ಲಿ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ, ಹಾಗಾಗಿ ಕಟ್ಟಿಗೆ ಬೆಂಕಿಯೇ ಗತಿ. ಅಂದರೆ ಒಂದು ಕಾಲಕ್ಕೆ ಆ ಸೀಮೆಯ ಬಿಯರುಗಳಲ್ಲಿ ಹೆಚ್ಚಿನವು ಕಡಿಮೆಯೋ ಜಾಸ್ತಿಯೋ ಹೊಗೆ ಕುಡಿದವೇ! ಆಮೇಲೆ ಹೊಗೆ ತಾಗದಂತೆ ಬರೀ ಬಿಸಿಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದವು, ಹೊಗೆ ಎನ್ನುವುದು ದೋಷವಾಗಿಹೋಯಿತು, ಊರಿಂದೂರಿಗೆ ಅದನ್ನು ತೊಳೆದು ಹಾಕಿದರು. ಬಾಂಬರ್ಗಿನ ಎರಡು ಮನೆಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಶ್ಲೆಂಕರ್ಲಾ ಒಂದು, 1536ರಿಂದ ಇರುವ ಸ್ಪೆಝಿಯಾಲ್ ಇನ್ನೊಂದು. ಇವತ್ತಿಗೂ ತಮ್ಮ ಮಾಲ್ಟನ್ನು ತಾವೇ ಬೀಚ್ ಮರದ ಕೊರಡುಗಳ ಬೆಂಕಿಯ ಮೇಲೆ ಒಣಗಿಸುತ್ತಾರೆ. ನಾನು ಕುಡಿದದ್ದು ನೂರಾರು ವರ್ಷ ಹಿಂದೆ ಎಲ್ಲ ಕಡೆಯೂ ಇದ್ದು, ಆಮೇಲೆ ಎಲ್ಲ ಕಡೆಯೂ ಸತ್ತುಹೋದ ಒಂದು ರುಚಿ. ಇಲ್ಲಿ ಅದು ಬದುಕಿದೆ, ಗ್ಲಾಸಿನ ತುಂಬ ನೊರೆ ಸಮೇತ!

ಇದಕ್ಕಿಂತ ದೊಡ್ಡ ಸೋಜಿಗ ಬೇಕೆ? ಶ್ಲೆಂಕರ್ಲಾದವರೇ ಹೊಂಬಣ್ಣದ ಒಂದು ತಿಳಿ ಲಾಗರ್ ಮಾಡುತ್ತಾರೆ. ಅದಕ್ಕೆ ಹೊಗೆ ಮಾಲ್ಟ್ ಒಂದು ಚಿಟಿಕೆಯೂ ಹಾಕುವುದಿಲ್ಲ. ಆದರೂ ಮೂಗಿಗೆ ಸಣ್ಣಗೆ ಹೊಗೆ ಬಡಿಯುತ್ತದೆ. ಬೇಯಿಸುವ ಹಂಡೆ ಅದೇ, ಹುದುಗೆಬ್ಬಿಸುವ ಯೀಸ್ಟು ಅದೇ. ಹೊಗೆ ಬಿಯರಿನಲ್ಲಿ ಬೆಳೆದ ಯೀಸ್ಟು ಆ ಘಮವನ್ನು ತನ್ನ ಜೊತೆಗೇ ತಂದುಬಿಡುತ್ತದೆ. ಹಾಳೆಯಲ್ಲಿ ಈ ಲಾಗರಿಗೆ 40 ಕೊಟ್ಟೆ. ಕಟ್ಟುನಿಟ್ಟಿನ ತೀರ್ಪುಗಾರ ಯಾರಾದರೂ ಇದ್ದಿದ್ದರೆ ತಿಳಿ ಲಾಗರಿನಲ್ಲಿ ಹೊಗೆ ಕಂಡು ಅಂಕ ಕತ್ತರಿಸುತ್ತಿದ್ದರು. ಕತ್ತರಿಸಿಕೊಳ್ಳಲಿ ಬಿಡಿ.

ಸ್ಪೆಝಿಯಾಲಿನದು ಮೆತ್ತನೆಯ ಹೊಗೆ, ಮಾತಾಡುತ್ತ ಎಷ್ಟು ಹೊತ್ತು ಬೇಕಾದರೂ ಕುಡಿಯಬಹುದು. ಹೊಗೆಗೆ ಹೊಸಬರಾದವರು ಇಲ್ಲಿಂದ ಶುರುಮಾಡಿ ಆಮೇಲೆ ನದಿ ದಾಟುವುದು ಒಳ್ಳೆಯದು. 41.

ಫ್ರಾಂಕೋನಿಯ ಅನ್ನುವುದು ಈ ಸೀಮೆಯ ಹೆಸರು. ನಕಾಶೆಯಲ್ಲಿ ಬವೇರಿಯದ ಒಳಗಿದೆ, ಆದರೆ "ನೀವು ಬವೇರಿಯದವರು" ಅಂದು ನೋಡಿ, ಮುಖ ಸಿಂಡರಿಸುತ್ತಾರೆ. ಬಾಂಬರ್ಗ್ ಬವೇರಿಯಕ್ಕೆ ಸೇರಿದ್ದೇ 19ನೇ ಶತಮಾನದ ಮೊದಲ ವರ್ಷಗಳಲ್ಲಿ, ಅದಕ್ಕೂ ಮುಂಚೆ ಬಿಷಪ್ಪರ ರಾಜ್ಯ. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಎಂಬ ಬವೇರಿಯದ 1516ರ ಕಾಯಿದೆ ಜಗತ್ಪ್ರಸಿದ್ಧ. ಬಾಂಬರ್ಗಿನ ಬಿಷಪ್ಪರು ಅಂಥದೇ ಆಜ್ಞೆಯನ್ನು 1489ರಲ್ಲೇ ಹೊರಡಿಸಿದ್ದರು ಎನ್ನುವುದನ್ನು ಇಲ್ಲಿಯವರು ಎರಡನೇ ಗ್ಲಾಸಿನ ಹೊತ್ತಿಗೆ ತಪ್ಪದೆ ಹೇಳುತ್ತಾರೆ. ಹಳ್ಳಿಗೊಂದು ಬ್ರೂವರಿ ಎನ್ನುವುದು ಇಲ್ಲಿ ಮಾತಿನ ಉತ್ಪ್ರೇಕ್ಷೆಯಲ್ಲ. ಔಫ್‌ಸೆಸ್ ಎಂಬ ಪುಟ್ಟ ಗ್ರಾಮಾಡಳಿತದಲ್ಲಿ ಜನ ಸಾವಿರ ಚಿಲ್ಲರೆ, ಬ್ರೂವರಿ ನಾಲ್ಕು, ಅದಕ್ಕೆ ಗಿನ್ನೆಸ್ ದಾಖಲೆ! ನಾಲ್ಕನ್ನೂ ಜೋಡಿಸುವ ಕಾಲುದಾರಿಯಿದೆ, ಹೊಲ ಕಾಡುಗಳ ನಡುವೆ. ಬಾಂಬರ್ಗ್ ರೈಲ್ವೆ ನಿಲ್ದಾಣದ ಹತ್ತಿರ 1879ರಿಂದ ಮಾಲ್ಟ್ ಮಾಡುತ್ತಿರುವ ವೈಯರ್‌ಮನ್ ಕಾರ್ಖಾನೆಯ ಇಟ್ಟಿಗೆ ಗೋಪುರಗಳನ್ನೂ ನೋಡಬೇಕು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಜರ್ಮನಿಯ ಮಾಲ್ಟ್ ತರಿಸುವವು ಹಲವು ಇವೆ. ಇಂದಿರಾನಗರದಲ್ಲೋ ವೈಟ್‌ಫೀಲ್ಡ್‌ನಲ್ಲೋ ವೀಟ್ ಬಿಯರ್ ಹೀರುವವರ ನಾಲಿಗೆಗೆ ಈ ಕಡೆಯ ಬಾರ್ಲಿ ಗೊತ್ತಿಲ್ಲದೇ ಪರಿಚಯವಾಗಿರುತ್ತದೆ.

ಬಾಂಬರ್ಗಿನದೇ ಮಾರ್ಸ್ ಬ್ರೊಯ್ ಎಂಬ ಬ್ರೂವರಿಯಲ್ಲಿ ಆರ್ಡರು ಮಾಡುವುದಕ್ಕೆ ಒಂದೇ ಅಕ್ಷರ ಸಾಕು, ಊ. ಕಟ್ಟೆಯ ಹಿಂದಿದ್ದವಳು ತಲೆಯಾಡಿಸಿ ಮಗ್ ತುಂಬಿದಳು. ಪೀಪಾಯಿಯ ಬಾಯಿ ಬಿಗಿಯದೆ ಪಕ್ವಗೊಳಿಸಿದ ಬಿಯರು ಅದು. ಗ್ಯಾಸು ಹೊರಗೆ ಹೋಗಿಬಿಡುತ್ತದೆ, ಸೋಸುವುದಿಲ್ಲವಾದ್ದರಿಂದ ಮಬ್ಬು ಮಬ್ಬು. ಬಾಟಲಿ ಬಿಯರಿಗೆ ಒಗ್ಗಿದವರು "ಹಳಸಿದೆ, ವಾಪಸ್ ತಗೊಳ್ಳಿ" ಅಂದಾರು. ಆದರೆ ಚುರುಗುಟ್ಟುವ ಗ್ಯಾಸಿಲ್ಲದ ಕಾರಣಕ್ಕೇ ಯೀಸ್ಟು, ಬ್ರೆಡ್ಡು, ಹಾಪ್ಸಿನ ಒಗರು ಎಲ್ಲ ನಾಲಿಗೆಯ ಮೇಲೆ ನಿಧಾನಕ್ಕೆ ಹರಡಿಕೊಂಡವು. ನೋಟಕ್ಕೆ 2, ರುಚಿಗೆ 18.

ಇಂಥ ಬಿಯರಿಗೆ ಕೆಲ್ಲರ್ ಬೇಕು. ಊರ ಸುತ್ತಲ ಗುಡ್ಡಗಳ ಹೊಟ್ಟೆಯೊಳಗೆ ಕೊರೆದ ನೆಲಮಾಳಿಗೆಗಳು ಅವು. ಐಸ್ ಯಂತ್ರ ಬರುವುದಕ್ಕೆ ಮುಂಚೆ ಬೇಸಗೆಯಲ್ಲಿ ಬಿಯರು ಕೆಡದಂತೆ ಇಟ್ಟದ್ದು ಅಲ್ಲೇ. ಬಿಸಿಲು ಬಂಡೆಯನ್ನು ಕಾಯಿಸಬಾರದೆಂದು ಮೇಲೆ ಅಗಲೆಲೆಯ ಮರಗಳನ್ನು ನೆಟ್ಟರು. ಮರದ ನೆರಳಿಗೆ ಬೆಂಚು ಬಂತು, ಬೆಂಚಿಗೆ ಜನ ಬಂದರು. ಫ್ರಿಜ್ಜು ಬಂದು ನೆಲಮಾಳಿಗೆಯ ಕೆಲಸ ಮುಗಿದರೂ ಜನ ಎದ್ದು ಹೋಗಲಿಲ್ಲ! ಮನೆಯಿಂದ ಬುತ್ತಿ ತಂದು ತಿನ್ನುವುದಕ್ಕೆ ಹಲವು ಕೆಲ್ಲರುಗಳಲ್ಲಿ ಅಡ್ಡಿಯಿಲ್ಲ. ಗೆಳೆಯ ಸ್ಟೀಲ್ ಡಬ್ಬಿ ಬಿಚ್ಚಿದ. ಒಂದರಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಊರಿಂದ ಬಂದ ಕೋಡುಬಳೆ. ಎದುರು ಬೆಂಚಿನ ಅಜ್ಜ ಬ್ರೆಡ್ಡಿನ ಮೇಲೆ ಚೀಸು ಹಚ್ಚುತ್ತ ನೋಡುತ್ತಲೇ ಇದ್ದ. ಒಂದು ಕೋಡುಬಳೆ ಕೊಟ್ಟೆವು. ಕಟಕ್ಕೆಂದು ಮುರಿದು ಬಾಯಿಗೆ ಹಾಕಿಕೊಂಡ, ಕೆಂಪಾದ, ಅರ್ಧ ಮಗ್ ಬಿಯರು ಒಂದೇ ಉಸಿರಿಗೆ ಇಳಿಸಿದ, ಮತ್ತೊಂದಕ್ಕೆ ಕೈಚಾಚಿದ. ಒಣಮೆಣಸಿನ ಖಾರಕ್ಕೂ ಕೆಲ್ಲರ್ ಬಿಯರಿಗೂ ಯಾವ ಜನ್ಮದ ನಂಟೋ ಏನೋ, ಯಾವ ಹಾಳೆಯಲ್ಲೂ ಅದಕ್ಕೆ ಕಾಲಂ ಇಲ್ಲ.

ಕುಲ್ಮ್‌ಬಾಖ್‌ನ ಐಸ್‌ಬಾಕ್ ಬಗ್ಗೆ ಒಂದೇ ಮಾತು. ಚಳಿಗಾಲದ ರಾತ್ರಿ ಕೆಲಸದ ಹುಡುಗನೊಬ್ಬ ಪೀಪಾಯಿಗಳನ್ನು ಅಂಗಳದಲ್ಲೇ ಬಿಟ್ಟು ಮಲಗಿದ, ಬೆಳಗ್ಗೆ ನೋಡಿದರೆ ನೀರೆಲ್ಲ ಮಂಜುಗಡ್ಡೆ, ನಡುವೆ ಉಳಿದದ್ದು ಕಪ್ಪು ಗಟ್ಟಿರಸ ಎಂಬ ಕಥೆ ಊರಲ್ಲಿದೆ. ಕಥೆ ನಿಜವೋ ಸುಳ್ಳೋ, ತಂತ್ರ ನಿಜ. ಆಲ್ಕೋಹಾಲಿಗಿಂತ ಮುಂಚೆ ನೀರು ಹೆಪ್ಪುಗಟ್ಟುತ್ತದೆ, ಆ ಗಡ್ಡೆಯನ್ನು ತೆಗೆದರೆ ಉಳಿದ ಬಿಯರು ಗಟ್ಟಿ. ಶೇಕಡಾ 9.2. ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಗಂಟಲಲ್ಲಿ ಬಿಸಿ. 39 ಕೊಟ್ಟೆ, ಎರಡನೇ ಗ್ಲಾಸು ಕೇಳಲಿಲ್ಲ.

ಅಲ್ಲಿಂದ ಪೂರ್ವಕ್ಕೆ, ಚೆಕ್ ಗಡಿಯ ಕಡೆ ಹೋದರೆ ಓಬರ್‌ಫಾಲ್ಸ್. ಸೀಮೆ ಬೇರೆ, ಬಿಯರೂ ಬೇರೆ, ಹೆಸರು ಝೊಯ್ಗಲ್. ಇಡೀ ತಿರುಗಾಟದಲ್ಲಿ ನನ್ನ ಬಾಯಿ ಮುಚ್ಚದಂತೆ ಮಾಡಿದ್ದು ಇದು. ವಿಂಡಿಶೆಶೆನ್‌ಬಾಖ್ ಎಂಬ ಸಣ್ಣ ಪೇಟೆ. ಊರಿಗೆ ಒಂದು ಸಾರ್ವಜನಿಕ ಅಡುಗೆಮನೆ, ಆದರೆ ಬೇಯುವುದು ಬರೀ ಬಿಯರು! 15ನೇ ಶತಮಾನದಿಂದ ಬಂದ ಹಕ್ಕು ಇದು, ಇಂಥಿಂಥ ಮನೆಗೆ ಎಂದು ಮನೆಯ ಜೊತೆಗೇ ಅಂಟಿಕೊಂಡದ್ದು. ಸರದಿ ಬಂದವರು ಹಂಡೆಯ ಬಾಡಿಗೆ ಕೊಟ್ಟು, ಕಟ್ಟಿಗೆ ಒಟ್ಟಿ, ಮಾಲ್ಟ್ ಕುದಿಸುತ್ತಾರೆ. ಮೇಲಂತಸ್ತಿನಲ್ಲಿ ಅಗಲವಾದ, ಗೇಣುದ್ದ ಆಳದ ಲೋಹದ ತಟ್ಟೆ. ಬಿಸಿ ಕಷಾಯ ಅದರಲ್ಲಿ ಹರಡಿಕೊಂಡು ಆವಿಯಾಡುತ್ತ ರಾತ್ರಿಯೆಲ್ಲ ಆರುತ್ತದೆ. ಬೆಳಗ್ಗೆ ಟ್ಯಾಂಕಿಗೆ ತುಂಬಿ, ಟ್ರ್ಯಾಕ್ಟರಿಗೆ ಕಟ್ಟಿ, ಅವರವರ ಮನೆಗೆ. ಯೀಸ್ಟು ಹಾಕುವುದು, ಹುದುಗೆಬ್ಬಿಸುವುದು, ವಾರಗಟ್ಟಲೆ ಕಾಯುವುದು ಎಲ್ಲ ಮನೆಯ ನೆಲಮಾಳಿಗೆಯಲ್ಲಿ.

ಬಿಯರು ಹದಕ್ಕೆ ಬಂತೆಂದರೆ ಮನೆಯ ಮುಂದೆ ಕೋಲು ಚಾಚಿ ಆರು ಮೂಲೆಯ ನಕ್ಷತ್ರ ನೇತುಹಾಕುತ್ತಾರೆ. ನಕ್ಷತ್ರ ಕಂಡರೆ ಒಳಗೆ ಹೋಗಬಹುದು, ಯಾರು ಬೇಕಾದರೂ. ನಾವು ಹೋದೆವು. ಮನೆಯವರದೇ ಹಜಾರ. ಖಾಲಿ ಮೇಜು ಇರಲಿಲ್ಲ. ಅಪರಿಚಿತರು ಸರಿದು ಜಾಗ ಮಾಡಿದರು, ಮನೆಯಾಕೆ ಮಗ್‌ಗಳನ್ನು ಕುಕ್ಕಿ ಹೋದರು. ತಾಮ್ರಬಣ್ಣ, ತೆಳು ಮಬ್ಬು, ಜೇನಿನ ಸಿಹಿ, ಆಮೇಲೆ ಹಾಪ್ಸಿನ ಸೊಪ್ಪುಸೊಪ್ಪಾದ ಕಹಿ. 42 ಬರೆದೆ. ಅದೇ ಹಂಡೆಯಲ್ಲಿ ಬೇಯಿಸುವ ಇನ್ನೊಂದು ಮನೆಯದನ್ನು ಹಿಂದಿನ ಸಂಜೆ ಕುಡಿದಿದ್ದೆ, ಅದು ಇನ್ನೂ ಒಣಗಲು, ತುದಿಯಲ್ಲಿ ಸೇಬಿನ ಹುಳಿ. 37. ಹಂಡೆ ಅದೇ, ನೀರು ಅದೇ, ಬೀದಿಯೂ ಹೆಚ್ಚು ಕಮ್ಮಿ ಅದೇ. ಬೇರೆಯಾದದ್ದು ನೆಲಮಾಳಿಗೆಯ ತಂಪು, ಕಾದ ದಿನಗಳು, ಆ ಮನೆಯವರ ಕೈ. ದೊಡ್ಡ ಕಂಪನಿಗಳು ಪ್ರತಿ ಬಾಟಲಿಯೂ ಒಂದೇ ಥರ ಇರಲಿ ಎಂದು ಲ್ಯಾಬು ಕಟ್ಟಿಸುತ್ತವೆ. ಇಲ್ಲಿ ಒಂದೇ ಥರ ಇದ್ದರೆ ಜನ ಇನ್ನೊಂದು ಮನೆಗೆ ಯಾಕೆ ಹೋಗಬೇಕು?

ಪಕ್ಕದಲ್ಲಿ ಕೂತಿದ್ದ ಗಡ್ಡದವರು ನನ್ನ ಹಾಳೆಯನ್ನು ಇಣುಕಿ ನೋಡುತ್ತಿದ್ದರು. ಏನಿದು ಎಂದು ಕೇಳಿದರು. ಗೆಳೆಯ ಜರ್ಮನಿನಲ್ಲಿ ವಿವರಿಸಿದ. 37 ಯಾರ ಮನೆಯದ್ದು ಅಂದರು. ಹೇಳಿದೆವು. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಸುದ್ದಿ ಹರಡಿ ದೊಡ್ಡ ಚರ್ಚೆಯೇ ಶುರುವಾಯಿತು. ಹೋದ ತಿಂಗಳು ಅವರದೇ ಮೇಲಾಗಿತ್ತು ಅಂತ ಒಬ್ಬರು, ಹುಳಿ ಇರಬೇಕಾದದ್ದೇ ಅಂತ ಇನ್ನೊಬ್ಬರು, ವಿದೇಶದವನಿಗೆ ಝೊಯ್ಗಲ್ಲಿನ ಗಂಧಗಾಳಿ ಗೊತ್ತಾ ಅಂತ ಮೂಲೆಯಿಂದ ಮತ್ತೊಬ್ಬರು. ಆ 37ರ ಮನೆಯ ಯಜಮಾನ ಬೇರೆ ಯಾರೂ ಅಲ್ಲ, ಗಡ್ಡದವರೇ! ಸಿಟ್ಟಾಗಲಿಲ್ಲ. ಹಾಳೆಯನ್ನು ಕೇಳಿ ಪಡೆದು, ಘಮದ ಕಾಲಂ, ರುಚಿಯ ಕಾಲಂ ಬೆರಳಿಟ್ಟು ಓದಿಸಿಕೊಂಡರು. ಆಮೇಲೆ ಗೋಡೆಯ ಮೇಲಿನ ಝೊಯ್ಗಲ್ ಕ್ಯಾಲೆಂಡರಿನ ಹತ್ತಿರ ಕರೆದುಕೊಂಡು ಹೋಗಿ ತಮ್ಮ ಮುಂದಿನ ಸರದಿಯ ಶುಕ್ರವಾರ ತೋರಿಸಿದರು. ಖಾಲಿ ಹಾಳೆ ತರುವುದನ್ನು ಮರೆಯಬೇಡಿ ಅಂದರು, ಕೋಡುಬಳೆಯ ವಿಷಯ ಗೆಳೆಯ ಅದಾಗಲೇ ಹೇಳಿಬಿಟ್ಟಿದ್ದ, ಅದನ್ನೂ ತನ್ನಿ ಅಂದರು.