‘ನೀನು’ ಎಂದು ಹೇಳುವ ಕಥೆ

‘ಅವನು ಬಂದನು’, ‘ನಾನು ಬಂದೆನು’ ಎಂಬ ಕಥೆಗಳು ನಮಗೆ ವಾಡಿಕೆಯವು. ಪಾತ್ರವನ್ನೇ ಎದುರಿಗೆ ನಿಲ್ಲಿಸಿ ‘ನೀನು ಬಂದೆ’ ಎಂದು ಮಧ್ಯಮ ಪುರುಷದಲ್ಲಿ ಕಥೆ ಹೇಳುವದು ವಿರಳ. ಫ್ರೆಂಚ್ ಲೇಖಕ ಮಿಶೆಲ್ ಬ್ಯುತೋರರು 1957ರಲ್ಲಿ, ಪ್ಯಾರಿಸಿನಿಂದ ರೋಮಿಗೆ ರೈಲಿನಲ್ಲಿ ಹೊರಟವನೊಬ್ಬನ ಕಾದಂಬರಿಯನ್ನು ‘ನೀವು’ ಎಂದು ಬರೆದರು. ಮೆಕ್ಸಿಕೋದ ಕಾರ್ಲೋಸ್ ಫುಯೆಂತೆಸರು 1962ರಲ್ಲಿ ‘ಔರಾ’ ಎಂಬುದನ್ನು ‘ನೀನು’ ಎಂದು ಬರೆದರು.

ಈ ಆಯ್ಕೆಯ ತೊಡಕು ಕನ್ನಡಕ್ಕೂ ಉಂಟು. ಕಿತ್ತೂರ ರಾಣಿ ಚೆನ್ನಮ್ಮನು 1824ರ ಕಾಳಗದ ತರುವಾಯ ಸೆರೆಸಿಕ್ಕಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಅಸುನೀಗಿದಳು. ಆ ಸೆರೆಯ ಒಂದು ರಾತ್ರಿಯನ್ನು ಕಥೆಯಾಗಿಸುವೆವೆಂದುಕೊಳ್ಳಿರಿ. ‘ತಾವು ಎಚ್ಚರವಾಗಿರುವಿರಿ’ ಎಂದೊಡನೆ ಹೇಳುವವಳು ದಾಸಿಯಾಗುವಳು. ‘ನೀನು ಎಚ್ಚರವಾಗಿರುವೆ’ ಎಂದರೆ ಅದು ರಾಣಿಯ ಅಂತರಂಗದ ಮಾತು; ಇಲ್ಲವೆ ಸವದತ್ತಿಯ ಗುಡ್ಡದಲ್ಲಿ ಭಕ್ತರು ಎಲ್ಲಮ್ಮನೊಡನೆ ಆಡುವಂಥ ಸಲಿಗೆಯ ಮಾತು. ಆದುದರಿಂದ ಯಾರು ಯಾರೊಡನೆ ನುಡಿಯುವರೆಂಬದನ್ನು ಕಥೆಗಾರರು ಮೊದಲ ವಾಕ್ಯಕ್ಕಿಂತ ಮುಂಚೆಯೇ ನಿಶ್ಚಯಿಸಬೇಕು.

ನಮ್ಮ ನುಡಿಯಲ್ಲಿ ಅನುಕೂಲವೂ ಇದೆ. ‘ಬಂದನು’, ‘ಬಂದಳು’ ಎಂಬಲ್ಲಿ ಗಂಡು ಹೆಣ್ಣೆಂಬದು ಬಯಲಾಗುವದು. ‘ನೀನು ಬಂದೆ’ ಎಂಬಲ್ಲಿ ಆಗದು. ಓದುವವರು ಗಂಡಸಾಗಲಿ, ಹೆಂಗಸಾಗಲಿ, ಆ ಸೆರೆಯೊಳಗೆ ಕಾಲಿಡಬಹುದು. ಈಗಿನ ರೂಢಿಯಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎರಡಕ್ಕೂ ಒಂದೇ ರೂಪ. ಬೈಲಹೊಂಗಲ, ರಾಮದುರ್ಗಗಳ ಆಡುನುಡಿಯ ‘ನೀ ಬಂದಿ’ ಎಂಬದು ಆ ಗೊಂದಲವನ್ನು ಕಳೆಯುವದು.

ಒಂದು ಎಚ್ಚರಿಕೆ ಮಾತ್ರ ಬೇಕು. ‘ನೀನು ದುಃಖಪಟ್ಟೆ’ ಎಂದು ವಿಧಿಸಿದರೆ ವಾಚಕರು ಒಪ್ಪಲಾರರು. ‘ಬಾಗಿಲ ಕೀಲಿಯ ಸಪ್ಪಳ ಕೇಳಿದೆ’ ಎಂದರೆ ಅವರ ಕಿವಿ ತಾನಾಗಿಯೇ ನಿಮಿರುವದು. ದುಃಖವು ಹೇಳದೆಯೇ ಬರುವದು.