ಅಜ್ಜನ ಅಜ್ಜ ನಿಜವಾಗಿಯೂ ಸೆರೆಗೆ ಹೋಗಿದ್ದರೇ?

ವಂಶವೃಕ್ಷ ಬರೆಯಲು ಹೊರಟ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: "ನಮ್ಮ ಅಜ್ಜನ ಅಜ್ಜನನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿದ್ದನಂತೆ." ಹಿರಿಯರ ಮಾತು ಸುಳ್ಳೆಂದು ಹೇಳುವಂತಿಲ್ಲ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಸೆರೆ ಆರಂಭವಾದದ್ದು 1784ರಲ್ಲಿ. ಮುಗಿದದ್ದು 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ. ನಿಮ್ಮ ಅಜ್ಜ ಹುಟ್ಟಿದ್ದು 1930ರಲ್ಲಿ ಎಂದಾದರೆ, ತಲೆಮಾರಿಗೆ 30 ವರ್ಷದಂತೆ ಅವರ ಅಜ್ಜ ಹುಟ್ಟಿದ್ದು 1870ರ ಸುಮಾರಿಗೆ. ಅವರು ಸೆರೆ ಕಂಡವರಲ್ಲ. ಅವರು ಕಂಡದ್ದು ಬೇರೆಯೇ: 1878ರ ಕೊನೆಗೆ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದದ್ದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು, 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾದದ್ದು, 1907ರಲ್ಲಿ ರೈಲು ಬಂದದ್ದು. ಬದುಕಿದ್ದರೆ 1918ರ ಇನ್‌ಫ್ಲುಯೆಂಜಾವನ್ನೂ ಕಂಡಿರುತ್ತಾರೆ. ಸೆರೆ ಕಂಡವರು ಇವರಿಗೂ ಎರಡು-ಮೂರು ತಲೆಮಾರು ಹಿಂದಿನವರು.

ಹಾಗಾದರೆ ಅವರನ್ನು ಹುಡುಕುವುದು ಎಲ್ಲಿ? ಇಗರ್ಜಿಗಳು ನೆಲಸಮವಾದಾಗ ಹಳೆಯ ಪುಸ್ತಕಗಳೂ ಹೋದವು. ಸೆರೆಯಲ್ಲಿ ಹುಟ್ಟಿದ ಮಗುವಿನ ಹೆಸರು ಬರೆದುಕೊಳ್ಳಲು ಊರಿನ ಚರ್ಚೇ ಇರಲಿಲ್ಲ. ಹೆಚ್ಚಿನ ಕಡೆ ದೀಕ್ಷಾಸ್ನಾನದ ಪುಸ್ತಕ ಶುರುವಾಗುವುದು 1799ರ ಎಷ್ಟೋ ಕಾಲದ ನಂತರ. ಆದ್ದರಿಂದ ದೀಕ್ಷಾಸ್ನಾನದ ಪುಸ್ತಕ ಬಿಟ್ಟು ಮರಣದ ಪುಸ್ತಕ ನೋಡಬೇಕು. 1860ರಲ್ಲಿ ತೀರಿಕೊಂಡವರ ಹೆಸರಿನ ಮುಂದೆ ವಯಸ್ಸು 70 ಎಂದಿದ್ದರೆ ಅವರು ಹುಟ್ಟಿದ್ದು 1790ರ ಆಸುಪಾಸಿನಲ್ಲಿ, ಅಂದರೆ ಸೆರೆಯ ನಡುವೆ. ಇಡೀ ಬಾಲ್ಯದ ಬಗ್ಗೆ ಉಳಿದಿರುವುದು ಆ ಒಂದು ಅಂಕಿ ಮಾತ್ರ.

ಅಂಕಿಯನ್ನೂ ಪೂರ್ತಿ ನಂಬಬಾರದು. ಹುಟ್ಟಿದ ವರ್ಷ ಮನೆಯವರಿಗೇ ತಿಳಿಯದ ಕಾಲ ಅದು. 60, 70, 80 ಎಂದು ಅಂದಾಜಿನಲ್ಲಿ ಬರೆಸುತ್ತಿದ್ದರು. ಐದಾರು ವರ್ಷ ಹಿಂದೆ ಮುಂದೆ ಆಗಬಹುದು. ಮೇಲಾಗಿ 1790ರಲ್ಲಿ ಹುಟ್ಟಿದವರೆಲ್ಲ ಸೆರೆಯಲ್ಲೇ ಇದ್ದರೆಂದೂ ಅಲ್ಲ. ತಪ್ಪಿಸಿಕೊಂಡು ಮಲಬಾರಿಗೆ, ಕೊಡಗಿಗೆ ಹೋದವರಿದ್ದರು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಹುಟ್ಟಿದ್ದೇ ಹಾಗೆ ಹೋದವರಿಂದ. ಹಾಗಾಗಿ ಬೇರೆ ಆಧಾರವಿಲ್ಲದೆ ಸ್ಮರಣ ಸಂಚಿಕೆಯಲ್ಲಿ "ಸೆರೆಯಲ್ಲಿ ಹುಟ್ಟಿದವರು" ಎಂದು ಅಚ್ಚು ಹಾಕಿಸಬೇಡಿ. "ಸೆರೆಯ ಕಾಲದಲ್ಲಿ ಹುಟ್ಟಿದವರು" ಎಂದರೆ ಸಾಕು. ಒಮ್ಮೆ ಅಚ್ಚಾದದ್ದನ್ನು ಮೊಮ್ಮಕ್ಕಳು ತಿದ್ದುವುದಿಲ್ಲ.

ಚರ್ಚ್ ಕಚೇರಿಗೆ ಹೋಗುವವರಿಗೆ ಇನ್ನೆರಡು ಮಾತು. ಈಗಿನ ನಿಮ್ಮ ಚರ್ಚ್ ಹಳೆಯ ಚರ್ಚಿನಿಂದ ಬೇರೆಯಾಗಿದ್ದರೆ ಮಾತೃ ಚರ್ಚಿನಲ್ಲಿ ವಿಚಾರಿಸಿ. ಬರಹ ಲ್ಯಾಟಿನ್ ಅಥವಾ ಪೋರ್ಚುಗೀಸಿನಲ್ಲಿ ಇರಬಹುದು. ಮನೆಯ ಪೆದ್ರು ಅಲ್ಲಿ ಪೆತ್ರುಸ್ ಆಗಿರುತ್ತಾರೆ. ಒಂದೇ ಹೆಸರಿನ ನಾಲ್ವರು ಸಿಕ್ಕಿದರೆ ಜ್ಞಾನ ತಂದೆ-ತಾಯಿಯ ಹೆಸರು ನೋಡಿ. ಅವರು ಹೆಚ್ಚಾಗಿ ಹತ್ತಿರದ ಸಂಬಂಧಿಕರೇ. 1908ರ ನಂತರದವರಾದರೆ ದೀಕ್ಷಾಸ್ನಾನದ ಸಾಲಿನ ಬದಿಯಲ್ಲಿ ಮದುವೆಯ ವಿವರವೂ ಸಿಗಬಹುದು. ವಿಗಾರರಲ್ಲಿ ಮೊದಲೇ ಸಮಯ ಕೇಳಿಕೊಳ್ಳಿ, ಭಾನುವಾರ ಪೂಜೆ ಮುಗಿದ ಕೂಡಲೇ ಬೇಡ. ಹಳೆಯ ಕಾಗದ ಮಡಚಿದರೆ ತುಂಡಾಗುತ್ತದೆ. ಪುಟವನ್ನು ಅವರೇ ತಿರುಗಿಸಲಿ.