ಸೋಲು ಕಟ್ಟಿಸಿದ ಕಾವಲುಗೋಪುರಗಳು

ಪುಸ್ತಕ ಮೇಳದ ಕಾರಣಕ್ಕೆ ಕನ್ನಡ ಓದುಗರಿಗೂ ಪರಿಚಿತವಾದ ಫ್ರಾಂಕ್‌ಫರ್ಟ್ ನಗರದಲ್ಲಿ ಮಧ್ಯಯುಗದ ನಾಲ್ಕು ಕಾವಲುಗೋಪುರಗಳು ಇಂದಿಗೂ ನಿಂತಿವೆ. ಗಾಲಸ್, ಬೋಕನ್‌ಹೈಮ್, ಸಾಕ್ಸನ್‌ಹೌಜನ್, ಫ್ರೀಡ್‌ಬೆರ್ಗ್ ಎಂದು ಅವುಗಳ ಹೆಸರು. ಕೆಡವಿದ ಕೋಟೆಯ ಉಳಿದ ತುಣುಕುಗಳಿರಬೇಕು ಎಂದು ನೋಡಿದವರಿಗೆ ತೋರುವುದು ಸಹಜ. ಆದರೆ ಇವು ಕೋಟೆಗೋಡೆಗೆ ಸೇರಿದವೇ ಅಲ್ಲ. ಅದರಿಂದ ಬಹುದೂರ ಆಚೆಗೆ, ಊರಿಗೆ ಬರುವ ಹೆದ್ದಾರಿಗಳ ಮೇಲೆ ಕಟ್ಟಿದವು. ಗಟ್ಟಿಯಾದ ಗೋಡೆಯಿದ್ದ ಊರು ಬಯಲಿನಲ್ಲಿ ಮತ್ತೊಂದು ಕಾವಲು ಕಟ್ಟಿದ್ದೇಕೆ? ಸೈನ್ಯವನ್ನು ತಡೆಯಲೆಂದಲ್ಲ, ಗೋಡೆಯ ಹೊರಗಿನ ಹೊಲ, ದನ, ಸರಕಿನ ಗಾಡಿಗಳನ್ನು ಕಾಯಲೆಂದು.

ಫ್ರಾಂಕ್‌ಫರ್ಟ್ ಸಂತೆಯಿಂದ ಬೆಳೆದ ಊರು. ಅಲ್ಲಿನ ಶರತ್ಕಾಲದ ಸಂತೆಗೆ ಬರುವ ವರ್ತಕರಿಗೆ 1240ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡ್ರಿಕ್ ರಕ್ಷಣೆಯ ಭರವಸೆ ಕೊಟ್ಟ. 1330ರಲ್ಲಿ ವಸಂತದ ಸಂತೆಗೂ ಅನುಮತಿ ದೊರೆಯಿತು. 1333ರಲ್ಲಿ ಊರನ್ನು ವಿಸ್ತರಿಸಲು ಅಪ್ಪಣೆಯಾಗಿ ಹೊಸ ಗೋಡೆಯ ಕೆಲಸ ಶುರುವಾಯಿತು. ಆದರೆ ಸುತ್ತಲಿನ ಕುಲೀನ ಯೋಧರು ಆ ಗೋಡೆಯ ಗೊಡವೆಗೆ ಹೋಗಬೇಕಿರಲಿಲ್ಲ. ಅಂದಿನ ಜರ್ಮನ್ ನಾಡಿನಲ್ಲಿ ಮುಂಚಿತವಾಗಿ ಹಗೆ ಸಾರಿ, ಎದುರಾಳಿಯ ಆಸ್ತಿಗೆ ಕೈಹಾಕಿ ತನ್ನ ಬೇಡಿಕೆಯನ್ನು ಈಡೇರಿಸಿಕೊಳ್ಳುವುದು ಒಪ್ಪಿತ ಪದ್ಧತಿಯಾಗಿತ್ತು. ದನ ಹೊಡೆದುಕೊಂಡು ಹೋಗುವುದು, ಬೆಳೆಗೆ ಬೆಂಕಿಯಿಡುವುದು, ವರ್ತಕರನ್ನು ಸೆರೆಹಿಡಿದು ಹಣ ಕೀಳುವುದು ಅದರ ದಾರಿಗಳು. ಇಂಥದೇ ಹಗೆಯಲ್ಲಿ 1389ರ ಮೇ 14ರಂದು ಫ್ರಾಂಕ್‌ಫರ್ಟಿನ ಪಡೆ ಕ್ರೋನ್‌ಬೆರ್ಗ್ ಮನೆತನದವರ ಮೇಲೆ ಏರಿಹೋಗಿ ಎಶ್‌ಬಾರ್ನ್ ಬಳಿ ಸೋತು ಸುಣ್ಣವಾಯಿತು. ಸುಮಾರು 620 ಮಂದಿ ಸೆರೆಯಾದರು. ಊರಿನ ಬೇಕರಿಯವರು, ಕಟುಕರು, ಬೀಗ ಮಾಡುವವರು, ಚಮ್ಮಾರರು ಅವರಲ್ಲಿದ್ದರು. ಅವರನ್ನು ಬಿಡಿಸಲು 73,000 ಗುಲ್ಡೆನ್ ನಾಣ್ಯ ತೆರಬೇಕಾಯಿತು. ಅದಕ್ಕೆ ಹದಿನೇಳು ವರ್ಷ ಹಿಂದೆ ಊರಿನ ದಕ್ಷಿಣದ ವಿಶಾಲ ಕಾಡನ್ನು ಚಕ್ರವರ್ತಿಯಿಂದ ಕೊಂಡಾಗ ಕೊಟ್ಟದ್ದು 8,800 ಗುಲ್ಡೆನ್. ಪೆಟ್ಟು ಎಷ್ಟು ದೊಡ್ಡದೆಂಬುದು ಇದರಿಂದಲೇ ತಿಳಿಯುತ್ತದೆ.

ಬಯಲಿಗೆ ಹೋಗಿ ಕಾದಾಡಿ ಗೆಲ್ಲಲಾಗದು ಎಂದು ಅರಿತ ನಗರಸಭೆ ಬೇರೆ ದಾರಿ ಹಿಡಿಯಿತು. 1390ರ ದಶಕದ ಕೊನೆಯಲ್ಲಿ, ರಾಜ ವೆಂಜೆಲ್‌ನ ಅನುಮತಿ ಪಡೆದು, ಹೊಲ ಗದ್ದೆಗಳನ್ನೆಲ್ಲ ಒಳಗೊಳ್ಳುವಂತೆ ಕಂದಕ ಮತ್ತು ಜೀವಂತ ಬೇಲಿಯ ಸಾಲನ್ನು ಕಟ್ಟತೊಡಗಿತು. ಲಾಂಡ್‌ವೇರ್ ಎಂದು ಕರೆಯುವ ಈ ರಕ್ಷಣೆಯಲ್ಲಿ ಗಿಡಗಳನ್ನು ಒತ್ತೊತ್ತಾಗಿ ನೆಟ್ಟು, ಎಳೆಯ ಕೊಂಬೆಗಳನ್ನು ಬಾಗಿಸಿ ಒಂದಕ್ಕೊಂದು ಹೆಣೆಯುತ್ತಿದ್ದರು. ವರ್ಷಗಳು ಕಳೆದಂತೆ ಕುದುರೆ ನುಗ್ಗಲಾರದ, ದನ ದಾಟಲಾರದ ದಟ್ಟಣೆ ಬೆಳೆಯುತ್ತಿತ್ತು. ಬೇಲಿ ಬಿಟ್ಟುಕೊಡುತ್ತಿದ್ದದ್ದು ಹೆದ್ದಾರಿಗೆ ಮಾತ್ರ; ಅಲ್ಲಿ ಅಡ್ಡಗಟ್ಟೆಯೂ ಗೋಪುರವೂ ಬೇಕಾದವು. ಗಾಲಸ್ ಗೋಪುರ 1414ರಲ್ಲಿ, ಬೋಕನ್‌ಹೈಮ್ 1430ರ ದಶಕದಲ್ಲಿ, ಉಳಿದೆರಡು 1470ರ ದಶಕದಲ್ಲಿ ಎದ್ದವು. ಕಾವಲುಗಾರನ ಕೆಲಸ ಕಾದಾಟವಲ್ಲ. ದೂರದ ದೂಳನ್ನು ಕಂಡು ಊರಿಗೆ ಸುದ್ದಿ ಮುಟ್ಟಿಸುವುದು. ದನ ಕದ್ದವನು ಬಂದಷ್ಟೇ ಬೇಗ ಹಿಂದಿರುಗಬೇಕು. ಬೇಲಿಯ ಸಾಲಿನಲ್ಲಿ ಅವನಿಗೆ ಉಳಿದದ್ದು ಕೆಲವೇ ಬಾಗಿಲುಗಳು, ಅವುಗಳ ಮೇಲೆ ಕಣ್ಣು. ಕಳ್ಳತನ ತಡೆಯಲು ಅವನನ್ನು ತಡಮಾಡಿಸಿದರೆ ಸಾಕಿತ್ತು.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. 1552ರ ಬೇಸಿಗೆಯಲ್ಲಿ ಸಾಕ್ಸನಿಯ ದೊರೆ ಮಾರಿಟ್ಸ್ ಮತ್ತವನ ಜೊತೆಗಾರರ ದಂಡು ಊರನ್ನು ಸುಮಾರು ಮೂರು ವಾರ ಮುತ್ತಿದಾಗ ಬೇಲಿ ಯಾವ ಕೆಲಸಕ್ಕೂ ಬರಲಿಲ್ಲ. ಊರನ್ನು ಉಳಿಸಿದ್ದು ಗೋಡೆಯೇ ಎಂಬುದು ಮೊದಲನೆಯದು. ಮಾತು ನಿಜ. ಆದರೆ ಮುತ್ತಿಗೆ ಎಂದೋ ಒಮ್ಮೆ ಬರುವಂಥದ್ದು, ದಾಳಿಯ ಭಯ ಪ್ರತಿ ಸುಗ್ಗಿಯದು. ಪ್ರತಿ ಸುಗ್ಗಿಗೆಂದು ಕಟ್ಟಿದ್ದನ್ನು ಮುತ್ತಿಗೆಯಿಂದ ಅಳೆಯುವುದು ಸರಿಯಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ರಕ್ಷಣೆಯ ಹೆಸರಿನಲ್ಲಿ ನಗರ ತನ್ನ ಗಡಿಯನ್ನೇ ಹಿಗ್ಗಿಸಿಕೊಂಡಿತಲ್ಲವೇ? ನೆರೆಯ ಹಾನೌ ಒಡೆಯರು ತಮ್ಮ ಹಕ್ಕಿನ ನೆಲವನ್ನು ಬೇಲಿ ಸೀಳಿತೆಂದು ತಕರಾರು ತೆಗೆದರು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಅವರ ಸಿಟ್ಟಿಗೆ ಆಧಾರವಿತ್ತು. ಇದು ಮೂಲ ವಾದವನ್ನು ಅಲ್ಲಗಳೆಯುವುದಿಲ್ಲ, ಬಲಪಡಿಸುತ್ತದೆ. ಹೊಲವನ್ನು ಕಾಯುವವನು ಹೊಲ ತನ್ನದೆಂದು ಹೇಳದೆ ಇರಲಾರ. ಕಂದಕ ತೋಡಿದ ಗೆರೆಯೇ ಮುಂದೆ ನಗರದ ಅಧಿಕಾರದ ಗೆರೆಯಾಯಿತು. ಫ್ರಾಂಕ್‌ಫರ್ಟ್ ಒಂಟಿಯೂ ಅಲ್ಲ: ರೋಟೆನ್‌ಬುರ್ಗ್ ನಗರ ತನ್ನ ಹಳ್ಳಿಗಳ ಸುತ್ತ ಅರವತ್ತು ಕಿಲೋಮೀಟರಿನಷ್ಟು ಇಂಥದೇ ಬೇಲಿ ಹಾಕಿತು.

ಈ ಕಾವಲಿನ ಅಗತ್ಯವನ್ನು ಕೊನೆಗೆ ಕುಗ್ಗಿಸಿದ್ದು ಫಿರಂಗಿಗಿಂತ ಹೆಚ್ಚಾಗಿ ಕಾನೂನು. 1495ರಲ್ಲಿ ವೊರ್ಮ್ಸ್ ನಗರದಲ್ಲಿ ಸೇರಿದ ಸಾಮ್ರಾಜ್ಯದ ಸಭೆ ಖಾಸಗಿ ಹಗೆಯನ್ನು ನಿಷೇಧಿಸಿತು; ಅಂಥ ವ್ಯಾಜ್ಯಗಳನ್ನು ತೀರಿಸಲು ನೇಮಿಸಿದ ಸಾಮ್ರಾಜ್ಯದ ನ್ಯಾಯಾಲಯ ಅದೇ ವರ್ಷ ಕೆಲಸ ಆರಂಭಿಸಿದ್ದು ಫ್ರಾಂಕ್‌ಫರ್ಟಿನಲ್ಲಿಯೇ. ನಿಷೇಧ ಒಂದೇ ದಿನಕ್ಕೆ ಹಿಡಿತಕ್ಕೆ ಬರಲಿಲ್ಲ. 1512ರಲ್ಲಿಯೂ ಗ್ಯೋಟ್ಸ್ ಫೊನ್ ಬೆರ್ಲಿಶಿಂಗನ್ ಎಂಬ ಕುಲೀನ ಯೋಧ ನ್ಯೂರೆಂಬರ್ಗಿನ ವರ್ತಕರನ್ನು ದೋಚಿದ. ಆದರೂ ದೋಚುವುದು ಹಕ್ಕಾಗಿ ಉಳಿಯದೆ ಅಪರಾಧವಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೋಟೆ ಕೆಡವುವಾಗ ಎಶನ್‌ಹೈಮ್ ದ್ವಾರದ ಚೆಲುವಾದ ಗೋಪುರವನ್ನು ಉಳಿಸಬೇಕೆಂದು ಫ್ರೆಂಚ್ ರಾಯಭಾರಿಯೇ ದನಿಯೆತ್ತಿದ. ಹೆಣೆದ ಬೇಲಿಯ ಪರವಾಗಿ ಅಂಥ ದನಿ ಏಳಲಿಲ್ಲ, ಅದು ಅಳಿಯಿತು. ಕಲ್ಲು ಮಾತ್ರ ಉಳಿದಾಗ ಚರಿತ್ರೆ ಬರೀ ಯುದ್ಧದ ಕಥೆಯಾಗಿ ಕಾಣುತ್ತದೆ. ಈ ಗೋಪುರಗಳನ್ನು ಅಳಿದ ಬೇಲಿಯೊಡನೆ ಸೇರಿಸಿ ಓದಿದರೆ, ಊರಿನ ಹಿರಿಯರು ದುಬಾರಿ ಸೋಲಿನಿಂದ ಕಲಿತದ್ದು ತಿಳಿಯುತ್ತದೆ: ನಗರದ ಬದುಕು ಗೋಡೆಯ ಹೊರಗಿನ ದುಡಿಮೆಯ ಮೇಲೆ ನಿಂತಿದೆ, ಆದ್ದರಿಂದ ಅದನ್ನು ಕಾಯುವುದೂ ನಗರದ್ದೇ ಹೊಣೆ.